ಭಾವನ ದನಿಯನ್ನು ಯಾರಿಗೆ ಮಾರಿದಿರಿ?

ಸಾರ್ವಜನಿಕ ಪ್ರಸಾರ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಭಾವನ ದನಿಯನ್ನು ನೀವು ಮಾರಿದ್ದೀರಿ. ಕೊಂಡವರು ಅದನ್ನು ಕಿತ್ತುಹಾಕಿ ಆ ಜಾಗದಲ್ಲಿ ಬೇರೆ ಯಾರದೋ ದನಿ ತುಂಬಿದ್ದಾರೆ. ಅಸಲಿ ದನಿ ನಿಮ್ಮ ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. ಕುಶಲ ವಿಚಾರಿಸಿ ನಿಧಾನವಾಗಿ ವಿಷಯಕ್ಕೆ ಬರುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ. ಆದ್ದರಿಂದ ದೂರನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಕ್ಷಮಿಸಿ. ಕ್ಷಮಿಸದಿದ್ದರೂ ಅಡ್ಡಿಯಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹಗಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು, ಸಂಜೆ ನಾಟಕದ ತಾಲೀಮಿಗೆ ಓಡುತ್ತಿದ್ದರು. ನಿಮ್ಮ ಮಂಡಳಿ ಬಸ್ ಡಿಪೋವೊಂದರ ಕತೆಯನ್ನು ಧಾರಾವಾಹಿ ಮಾಡಿದಾಗ ಅದರಲ್ಲಿ ಅವರು ಕಂಡಕ್ಟರ್. ಬಿರುಕು ಬಿಟ್ಟ ದಪ್ಪ ದನಿ. ವಾಕ್ಯದ ಕೊನೆಯ ಪದ ಅರ್ಧ ಗಂಟಲಲ್ಲೇ ಉಳಿದುಬಿಡುತ್ತಿತ್ತು. ನಿರ್ದೇಶಕರು ತಿದ್ದಲು ಹೋಗಿ, ಸಾಕಾಗಿ, ಹೀಗೇ ಇರಲಿ ಎಂದು ಬಿಟ್ಟರಂತೆ. ಆ ದನಿಯೇ ಜನಕ್ಕೆ ಹಿಡಿಸಿತು. ಬೀದಿಯಲ್ಲಿ ಹೊರಟರೆ "ಕಂಡಕ್ಟ್ರೇ, ಇಲ್ಲೊಂದು ಸ್ಟಾಪ್ ಕೊಡಿ" ಎಂದು ತರಕಾರಿಯವರೂ ಕಿಚಾಯಿಸುತ್ತಿದ್ದರು. ಧಾರಾವಾಹಿ ಮುಗಿದ ಮರುವರ್ಷ ಯಾವುದೋ ಜ್ವರ ಬಂತು, ಭಾವ ಹೋಗಿಬಿಟ್ಟರು. ಮಗಳಿನ್ನೂ ತೊಡೆಯ ಮೇಲಿನ ಕೂಸು.

ಮನೆಯಲ್ಲಿ ಅವರ ಫೋಟೋಗಳಿವೆ. ಬಣ್ಣದ ಕಲೆ ಹತ್ತಿದ ಅಂಗಿಗಳಿವೆ. ದನಿ ಮಾತ್ರ ಇದ್ದದ್ದು ನಿಮ್ಮ ಹತ್ತಿರ. ನೀವು ಆ ಧಾರಾವಾಹಿಯನ್ನು ಮಧ್ಯಾಹ್ನದ ಹೊತ್ತು ಮತ್ತೆ ಮತ್ತೆ ಹಾಕುತ್ತಿದ್ದಿರಿ. ಬೇರೆ ಸರಕಿಲ್ಲದೆ ಹಾಕುತ್ತಿದ್ದಿರಿ ಎಂಬುದು ಗೊತ್ತು. ಆದರೂ ನಾವು ಕೃತಜ್ಞರಾಗಿದ್ದೆವು. ಅಕ್ಕ ಹೊಲಿಗೆ ಮೆಷಿನ್ ನಿಲ್ಲಿಸಿ ಟಿವಿ ಮುಂದೆ ಕೂರುತ್ತಿದ್ದಳು. ಮಗಳು ಅಪ್ಪನನ್ನು ಕಲಿತದ್ದು ಅಲ್ಲಿಂದಲೇ. ಅಮ್ಮ ಗದರಿದರೆ ಸೊಂಟದ ಮೇಲೆ ಕೈಯಿಟ್ಟು, "ಮುಂದೆ ಹೋಗಿ, ಒಳಗಡೆ ಬೇಕಾದಷ್ಟು ಜಾಗ ಇದೆ" ಎಂದು ಅಪ್ಪನ ಧಾಟಿಯಲ್ಲೇ ಹೇಳುತ್ತಿದ್ದಳು. ಅಕ್ಕನ ಸಿಟ್ಟು ಅಲ್ಲಿಗೆ ಮುಗಿಯುತ್ತಿತ್ತು.

ಆಮೇಲೆ ಆ ವಿದೇಶಿ ಸ್ಟ್ರೀಮಿಂಗ್ ಕಂಪನಿ ಬಂತು. ಗೋಡೆಗಳ ಮೇಲೆಲ್ಲ ಅದರ ಜಾಹೀರಾತು. ತಾವು ಅವರ ಕೈಕುಲುಕಿ, "ನಮ್ಮ ಕತೆಗಳು ಇನ್ನು ಜಗತ್ತಿನ ಮನೆಮನೆಗೆ" ಎಂದು ಭಾಷಣ ಮಾಡಿದಿರಿ. ನಾವೂ ಮೂರ್ಖರಂತೆ ಹಿಗ್ಗಿದೆವು. ಜಗತ್ತಿನ ಮನೆಗಳಲ್ಲಿ ನಮ್ಮ ಮನೆ ಸೇರಿಲ್ಲ ಎಂದು ಯಾರಿಗೆ ಗೊತ್ತಿತ್ತು? ಮಧ್ಯಾಹ್ನದ ಮರುಪ್ರಸಾರ ಸದ್ದಿಲ್ಲದೆ ನಿಂತಿತು. ಅಕ್ಕನ ಮಗಳು, ಅಂದರೆ ನನ್ನ ಸೊಸೆ, ಆ ಕಂಪನಿಗೆ ಚಂದಾದಾರಳಾಗಿ ಹುಡುಕಿದಳು. "ಈ ಕಾರ್ಯಕ್ರಮ ನಿಮ್ಮ ದೇಶದಲ್ಲಿ ಲಭ್ಯವಿಲ್ಲ" ಎಂದು ಪರದೆ ಹೇಳಿತು. ನಮ್ಮ ಬೀದಿಗಳಲ್ಲಿ, ನಮ್ಮ ಭಾಷೆಯಲ್ಲಿ, ನಮ್ಮ ತೆರಿಗೆಯಲ್ಲಿ ತಯಾರಾದದ್ದು ಹೊರಗಿನ ದೇಶಗಳಿಗೆಲ್ಲ ಲಭ್ಯ, ನಮಗೆ ಮಾತ್ರ ಇಲ್ಲ. ಅಡುಗೆ ಮಾಡಿದವಳನ್ನೇ ಆಚೆ ನಿಲ್ಲಿಸಿ, ಬಾಗಿಲು ಹಾಕಿ, ಬಂದವರಿಗೆ ಬಡಿಸುವುದಕ್ಕೆ ಏನೆನ್ನುತ್ತಾರೆ, ಮಾನ್ಯರೇ? "ಮಾರುಕಟ್ಟೆ ವಿಸ್ತರಣೆ" ಎನ್ನುತ್ತಾರಂತೆ. ನಿಮ್ಮ ಭಾಷಣದಲ್ಲಿ ಆ ಪದ ಇತ್ತು.

ಇಷ್ಟಕ್ಕೇ ನಾನು ಕಾಗದ ಬರೆಯುತ್ತಿರಲಿಲ್ಲ. ಈ ವರ್ಷ ಅಕ್ಕನ ಕಿವಿ ಮಂದವಾಯಿತು. ಯಂತ್ರ ಹಾಕಿಸಿದೆವು. ಉಳಿದಿರುವುದೂ ಹೋಗುತ್ತದೆ, ತಡೆಯುವುದು ಕಷ್ಟ ಎಂದು ಕಿವಿಯ ಡಾಕ್ಟರು ಹೇಳಿದರು. ಹಿಂತಿರುಗುವಾಗ ಅಕ್ಕ ಅಳಲಿಲ್ಲ.

"ಕೇಳೋದು ಇನ್ನು ಸ್ವಲ್ಪ ದಿನ ಅಂದ್ಮೇಲೆ, ಅದನ್ನ ಬೀದಿ ಹಾರ್ನ್ ಕೇಳಿ ಯಾಕೆ ಮುಗಿಸ್ಲಿ? ನಿಮ್ ಭಾವನ್ನ ಒಂದ್ಸಲ ಕೇಳಿಸ್ಬಿಡೋ" ಎಂದಳು.

ತಮ್ಮನಾದವನು ಏನು ಮಾಡಬೇಕು? ನಿಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ; ತಾವು ಯಾವಾಗಲೂ ಸಭೆಯಲ್ಲಿರುತ್ತೀರಿ. ನಿಮ್ಮ ಸಹಾಯಕ ನಿರ್ದೇಶಕರು ಕೂರಿಸಿ, ನೀರು ಕೊಟ್ಟು, ಎಲ್ಲವನ್ನೂ ಕೇಳಿದರು. ಒಳ್ಳೆಯ ಮನುಷ್ಯ. ನಿಮ್ಮಲ್ಲಿ ಒಳ್ಳೆಯವರನ್ನು "ಇಲ್ಲ" ಎನ್ನುವುದಕ್ಕೇ ಕೂರಿಸಿರುತ್ತೀರಿ.

"ಹಳೇ ಧಾರಾವಾಹಿಗೆ ಇಲ್ಲಿ ಮಾರ್ಕೆಟ್ ಇಲ್ಲ ಅನ್ನೋದು ಕಂಪನಿಯವರ ಲೆಕ್ಕ ಸರ್. ಇಲ್ಲಿಗೆ ಅವರದೇ ಹೊಸದು ತರ್ತಾರೆ" ಎಂದರು.

"ಮೂಲ ಟೇಪು ನಿಮ್ ಹತ್ರ ಇಲ್ವಾ?"

"ಇದೆ. ಒಪ್ಪಂದ ಮುಗಿಯೋವರೆಗೂ ನಾವೇ ಹಾಕೋ ಹಾಗಿಲ್ಲ."

"ಟಿವಿಲಿ ಬೇಡ. ಇದೇ ರೂಮಲ್ಲಿ, ಒಬ್ಬಳು ಹೆಂಗಸಿಗೆ, ಒಂದೇ ಕಂತು?"

"ಹಾಗೆ ಹಾಕಿದ್ರೆ ಅದನ್ನೂ ಪ್ರದರ್ಶನ ಅಂತಾರೆ ಸರ್."

ಹೆಂಡತಿ ಗಂಡನ ಮಾತು ಕೇಳಿಸಿಕೊಳ್ಳುವುದು ಪ್ರದರ್ಶನ. ಆ ಕರಾರಿಗೆ ಸಹಿ ಹಾಕುವಾಗ ತಮ್ಮ ಕೈ ಒಂದು ಕ್ಷಣವೂ ತಡವರಿಸಲಿಲ್ಲವೇ? ಹೊರಗಿನವರಿಗೆ ಧಾರಾಳವಾಗಿ ಕೊಡಿ, ಬೇಡವೆಂದವರು ಯಾರು? ಮನೆಯವರಿಗೂ ಒಂದು ಪಾಲು ಉಳಿಸಿಕೊಳ್ಳುತ್ತೇವೆ ಎಂದು ಒಂದು ಸಾಲು ಸೇರಿಸಲು ನಿಮ್ಮ ಅಷ್ಟೂ ಕಾನೂನು ಸಲಹೆಗಾರರಿಂದ ಆಗಲಿಲ್ಲವೇ?

ಕೊನೆಗೆ ಸೊಸೆಯೇ ಒಂದು ದಾರಿ ಹುಡುಕಿದಳು. ಅವಳ ಗೆಳತಿ ಪರದೇಶದಲ್ಲಿ ನರ್ಸು. ಆ ದೇಶದಲ್ಲಿ ನಮ್ಮ ಧಾರಾವಾಹಿ ಬರುತ್ತದೆ. ಅವಳು ವೀಡಿಯೊ ಕರೆ ಮಾಡಿ, ತನ್ನ ಟಿವಿಯ ಮುಂದೆ ಫೋನು ಹಿಡಿಯುವುದೆಂದು ಮಾತಾಯಿತು. ಭಾನುವಾರ ಬೆಳಿಗ್ಗೆ ಅಕ್ಕ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಕಿವಿಯ ಯಂತ್ರವನ್ನು ಒರೆಸಿ ಹಾಕಿಕೊಂಡು ಕೂತಳು. ಮದುವೆಗೆ ಹೊರಟಂತಿದ್ದಳು. ಅಕ್ಕ, ಸೊಸೆ, ನಾನು, ಮೂವರೂ ಒಂದೇ ಫೋನಿಗೆ ಬಗ್ಗಿದೆವು. ಭಾವ ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿದರು. ಬಾಯಿ ತೆರೆದರು. ಯಾರೋ ಹುಡುಗನ ನುಣುಪಾದ ದನಿ, ನಮಗೆ ಒಂದಕ್ಷರ ತಿಳಿಯದ ಭಾಷೆಯಲ್ಲಿ, ಪಟಪಟನೆ ಮಾತಾಡಿತು.

"ಇವನ್ಯಾರು?" ಎಂದಳು ಅಕ್ಕ.

ಗೆಳತಿ ಆ ಕಡೆಯಿಂದ ಭಾಷೆ ಬದಲಿಸಲು ನೋಡಿದಳು. "ನಮ್ ಭಾಷೆ ಪಟ್ಟಿಲೇ ಇಲ್ಲ ಆಂಟಿ, ತೆಗೆದುಬಿಟ್ಟಿದ್ದಾರೆ" ಎಂದಳು. ಸೊಸೆ ಎದ್ದು ಅಡುಗೆಮನೆಗೆ ಹೋದಳು. ನಾನು ಕರೆ ನಿಲ್ಲಿಸಲು ಕೈ ಚಾಚಿದೆ. ಅಕ್ಕ ನನ್ನ ಕೈ ತಡೆದಳು. ಕಿವಿಯಿಂದ ಯಂತ್ರ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಭಾವನ ತುಟಿಯನ್ನೇ ನೋಡುತ್ತ, ಅದು ಅಲುಗಿದಂತೆಲ್ಲ ತಾನೂ ತುಟಿ ಅಲುಗಿಸುತ್ತ, ಒಂದು ಕಂತನ್ನು ಪೂರ್ತಿ ನೋಡಿದಳು. ಪ್ರತಿ ಮಾತೂ ಅವಳಿಗೆ ಬಾಯಿಪಾಠ. ಮುಗಿದಾಗ ಹೇಳಿದ್ದು ಇಷ್ಟೇ: "ಆ ಹುಡುಗ ಏನ್ ಅನ್ಕೊಂಡ್ನೋ ಏನೋ. ಅಷ್ಟು ಅವಸರದಲ್ಲಿ ಅವ್ರು ಯಾವತ್ತೂ ಮಾತಾಡ್ತಿರಲಿಲ್ಲ."

ಮಾನ್ಯರೇ, ನನಗೆ ನಿಮ್ಮ ಅನುಕಂಪ ಬೇಡ. ಟೇಪು ನಿಮ್ಮ ಕಟ್ಟಡದಲ್ಲೇ ಇದೆ, ಕಪಾಟಿನ ಕೀಲಿ ನಿಮ್ಮ ಕೈಕೆಳಗಿನವರ ಬಳಿಯೇ ಇದೆ. ಆ ಕರಾರನ್ನು ಮತ್ತೆ ತೆರೆಸಿ. ನಮ್ಮ ಧಾರಾವಾಹಿ ನಮ್ಮಲ್ಲೂ, ಅದರ ಸ್ವಂತ ದನಿಯಲ್ಲಿ ಬರಬೇಕು. ಹೊರದೇಶದಲ್ಲೂ ಮೂಲ ಭಾಷೆ ಇರಲೇಬೇಕೆಂದು ಕಂಪನಿಗೆ ಹೇಳಿ. ಅದಕ್ಕೆ ಸಭೆಗಳು ಬೇಕಾಗುತ್ತವೆ, ಮಾಡಿ. ಆದರೆ ಅದಕ್ಕೂ ಮೊದಲು ನನ್ನ ಅಕ್ಕನನ್ನು ನಿಮ್ಮ ಕಚೇರಿಗೆ ಕರೆಸಿ, ಒಂದು ಕಂತು ಹಾಕಿ ಕೇಳಿಸಿ. ಕಂಪನಿ ಅದನ್ನು ಪ್ರದರ್ಶನ ಎಂದು ದಾವೆ ಹೂಡಿದರೆ ಆರೋಪಿಯಾಗಿ ನನ್ನ ಹೆಸರು ಬರೆಸಿ.

ಕರೆಸುವುದಾದರೆ ಬೇಗ ಕರೆಸಿ. ಎಡಕಿವಿ ಆಗಲೇ ಹೋಗಿದೆ.

ಇಂತಿ,
ಇಷ್ಟು ಜೋರಾಗಿ ಬರೆದರೂ ಕೇಳಿಸಿತೋ ಇಲ್ಲವೋ ಎಂದು ಅನುಮಾನಿಸುತ್ತಿರುವ,
ಅವಳ ತಮ್ಮ