ನಾಲ್ಕನೇ ಕಾಟೇಜಿನ ನೀಲಿ

ಕುಂಟಾಲುಮೂಲೆ, ನೆಕ್ರಾಜೆ ಹತ್ತಿರ
ಜೂನ್ 15, 2025, ಆದಿತ್ಯವಾರ

ಪ್ರೀತಿಯ ಫೆಲ್ಸಿ,

ನಿನ್ನ ಕಾಗದ ವಿಷುವಿನ ವಾರವೇ ಕೈಸೇರಿತ್ತು. ಎರಡು ತಿಂಗಳು ಉತ್ತರ ಬರೆಯದೆ ಕೂತದ್ದು ನನ್ನದೇ ತಪ್ಪು. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಸ್ವರ ಕೇಳಿದರೆ ಎಲ್ಲದಕ್ಕೂ "ಆಯ್ತು" ಎಂದುಬಿಡುತ್ತೇನೋ ಎಂದು ಹೆದರಿದೆ. ನಿನ್ನ ಮೊಣಕಾಲು ನೋವು ಹೇಗುಂಟು? ಮಂಗಳೂರಿನ ಆ ಫ್ಲ್ಯಾಟಿನ ಲಿಫ್ಟ್ ರಿಪೇರಿ ಆಯಿತೇ, ಇನ್ನೂ ಮೂರು ಮಹಡಿ ಹತ್ತುತ್ತಿದ್ದೀಯಾ?

ನೀನು ಬರೆದದ್ದು ನಾಲ್ಕೇ ಸಾಲು. "ರೂಬೆನ್ ಮೇಲೆ ನಿಮ್ಮ ಕೆರೆ ಸಮಿತಿ ಕೊಟ್ಟ ದೂರನ್ನು ವಾಪಸ್ ತೆಗೆಸು. ನನ್ನ ಮಗನನ್ನು ಎತ್ತಿ ಆಡಿಸಿದವಳು ನೀನು." ಎತ್ತಿ ಆಡಿಸಿದ್ದು ಹೌದು. ಎರಡು ವರ್ಷದ ಹಿಂದೆ ಅವನು ಕೆರೆಯ ದಂಡೆಯಲ್ಲಿ ಎಂಟು ಕಾಟೇಜು ಕಟ್ಟಿ ರೆಸಾರ್ಟ್ ತೆರೆದಾಗ ದೀಪ ಹಚ್ಚಿದವಳೂ ನಾನೇ. ಆದರೆ ದೂರು ವಾಪಸ್ ತೆಗೆದಿಲ್ಲ, ಫೆಲ್ಸಿ. ತೆಗೆಯುವುದೂ ಇಲ್ಲ. ಯಾಕೆಂದು ಮೊದಲಿನಿಂದ ಹೇಳುತ್ತೇನೆ. ರೂಬೆನ್ ನಿನಗೆ ಅರ್ಧವನ್ನೇ ಹೇಳಿರಬೇಕು.

ಅಂಗನವಾಡಿಯಿಂದ ನಿವೃತ್ತಳಾದ ಮೇಲೆ ಆದಿತ್ಯವಾರ ಬೆಳಿಗ್ಗೆ ಊರಿನ ಹೆಣ್ಣುಮಕ್ಕಳಿಗೆ ಕೆರೆಯಲ್ಲಿ ಈಜು ಕಲಿಸುತ್ತಿದ್ದೆನಲ್ಲ. ನನ್ನ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ಇದೇ ನೀರಿಗೆ ನೂಕಿದವಳು ನೀನು. ಆ ವಿದ್ಯೆಯನ್ನೇ ದಾಟಿಸುತ್ತಿದ್ದೆ. ಜನವರಿಯಲ್ಲಿ ಮಕ್ಕಳಿಗೆ ಮೈ ತುರಿಕೆ ಶುರುವಾಯಿತು. ಆಮೇಲೆ ರಾಜೀವಿಯ ಮಗಳು ಕ್ಷಮಾಳ ಕಿವಿ ಸೋರತೊಡಗಿತು. ಹನ್ನೊಂದು ವರ್ಷದ ಹುಡುಗಿ, ಆಚೆ ದಡ ಮುಟ್ಟಿ ಬಂದ ಮೊದಲಿಗಳು. ಈಗ ಅವಳ ಎಡಕಿವಿ ಸರಿಯಾಗಿ ಕೇಳುವುದಿಲ್ಲ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿಯ ನೀರಿನಲ್ಲಿ ಮುಳುಗ್ತಾಳೆ ಇವಳು?"

ಅಂದೇ ಈಜು ನಿಲ್ಲಿಸಿದೆ. ಕೆಳಗಿನ ಗದ್ದೆಯ ಮಹಾಬಲಣ್ಣ, ರಾಜೀವಿ, ನಾನು, ಇನ್ನೂ ಹತ್ತು ಮನೆಯವರು ಸೇರಿ ಸಮಿತಿ ಮಾಡಿದೆವು. ನನ್ನನ್ನೇ ಅಧ್ಯಕ್ಷೆ ಮಾಡಿದರು. ಕುದಿಸಿದ ಬಾಟಲಿಯಲ್ಲಿ ಕೆರೆಯ ನೀರು ತುಂಬಿಸಿ ಕಾಸರಗೋಡಿನ ಲ್ಯಾಬಿಗೆ ಕೊಟ್ಟೆವು. ಮನುಷ್ಯರ ಮಲದ ಕ್ರಿಮಿ ಮಿತಿಮೀರಿ ಉಂಟೆಂದು ವರದಿ ಬಂತು.

ದೂರು ಕೊಡುವ ಮೊದಲು ಆ ಕಾಗದ ಹಿಡಿದು ರೂಬೆನ್ ಹತ್ತಿರವೇ ಹೋದೆ. ಕೂರಿಸಿ ಚಹಾ ಕೊಟ್ಟ.

"ಎಂತ ಆಂಟಿ ನೀವು? ಕೆರೆ ಅಂದ ಮೇಲೆ ಸ್ವಲ್ಪ ಕೊಳಕು ಇಲ್ಲದೆ ಇರ್ತದಾ? ನಮ್ಮದು ಎಲ್ಲ ಸೆಪ್ಟಿಕ್ ಟ್ಯಾಂಕಿಗೆ ಹೋಗುದು."

"ಆ ಟ್ಯಾಂಕಿನ ಮುಚ್ಚಳ ಒಮ್ಮೆ ತೆಗೆದು ತೋರಿಸು ಮಗಾ, ನಾನು ಸುಮ್ಮನೆ ಮನೆಗೆ ಹೋಗ್ತೇನೆ" ಎಂದೆ.

ತೋರಿಸಲಿಲ್ಲ. "ಅತಿಥಿಗಳಿದ್ದಾರೆ" ಎಂದ. ಮರುದಿನವೇ ನಾವು ಪಂಚಾಯತಿಗೆ ದೂರು ಕೊಟ್ಟೆವು.

ಏಪ್ರಿಲ್ ಕೊನೆಗೆ ಕೆರೆ ಬತ್ತಿ ಇಳಿದಾಗ ದಂಡೆಯ ಕೇದಗೆ ಪೊದೆಯ ಬುಡದಲ್ಲಿ ಒಂದು ಪೈಪಿನ ಬಾಯಿ ಕಂಡಿತು. ಎಲ್ಲಿಂದ ಬರುತ್ತದೆಂದು ಸಾಬೀತು ಮಾಡುವುದು ಹೇಗೆ? ದಾರಿ ಹುಡುಕಿದವಳು ರಾಜೀವಿ. ಅವಳಿಗೆ ಅದೇ ರೆಸಾರ್ಟಿನಲ್ಲಿ ಕೋಣೆ ಗುಡಿಸುವ ಕೆಲಸ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಎರಡು ಬಾಟಲಿಯನ್ನು ಬುತ್ತಿ ಚೀಲದಲ್ಲಿ ಒಯ್ದು, ನಾಲ್ಕನೇ ಕಾಟೇಜಿನ ಕಕ್ಕೂಸಿಗೆ ಸುರಿದು ನೀರು ಬಿಟ್ಟಳು. ಇತ್ತ ಮಹಾಬಲಣ್ಣ ಮೊಬೈಲ್ ಹಿಡಿದು ಕೆಸರಿನಲ್ಲಿ ನಿಂತಿದ್ದರು. ಹತ್ತು ನಿಮಿಷ ಆಗಿರಲಿಲ್ಲ. ಪೈಪಿನ ಬಾಯಿಂದ ನೀಲಿ ನೀರು ಗುಳುಗುಳು ಬಂದು ಕೆರೆಗಿಳಿಯಿತು.

"ಬಂತು ಟೀಚರೇ, ಬಂತು!" ಎಂದು ಮಹಾಬಲಣ್ಣ ಕೂಗಿದರು. ನನಗೆ ಸಂತೋಷವಾಗಲಿಲ್ಲ. ನಿನ್ನ ಮಗ ಮುಖ ನೋಡಿ ಸುಳ್ಳು ಹೇಳಿದ್ದನಲ್ಲ, ಅದೇ ತಲೆಯಲ್ಲಿ ತಿರುಗಿತು.

ವೀಡಿಯೊ ಊರೆಲ್ಲ ಹರಡಿತು. ರಾಜೀವಿಯ ಕೆಲಸ ಆ ಸಂಜೆಯೇ ಹೋಯಿತು. "ಹೋದ್ರೆ ಹೋಗ್ಲಿ, ಬೀಡಿ ಕಟ್ಟಿದ ಕೈ ಇದು, ಮರ್ತು ಹೋಗ್ಲಿಲ್ಲ" ಎಂದಳು. ಈ ನೀರಿಗೆ ಇಳಿಯಬೇಡಿ ಎಂದು ದಂಡೆಯಲ್ಲಿ ನಾವು ಹಾಕಿದ ಬೋರ್ಡನ್ನು ಯಾರೋ ಕಿತ್ತು ನೀರಿಗೆ ಎಸೆದರು. ಎತ್ತಿ ತಂದು ಮತ್ತೆ ಹುಗಿದೆವು. ಮತ್ತೆ ಕಿತ್ತರು. ಮೂರನೇ ಸಲ ಬುಡಕ್ಕೆ ಸಿಮೆಂಟ್ ಹಾಕಿದ್ದೇವೆ. ಅಂಗಡಿಯಲ್ಲಿ ನನಗೆ ಕೇಳಿಸುವ ಹಾಗೆಯೇ "ನಾಲ್ಕು ಜನರ ಅನ್ನಕ್ಕೆ ಕಲ್ಲು ಹಾಕಿದ ಮುದುಕಿ" ಎಂದವರಿದ್ದಾರೆ. ನಾನು ಸಾಮಾನು ತೆಗೆದುಕೊಂಡು, "ಮುದುಕಿ ಹೌದು, ಸತ್ತಿಲ್ಲ" ಎಂದು ಹೇಳಿ ಬಂದೆ.

ಜೂನ್ ಮೂರರಂದು ಪಂಚಾಯತಿಯಲ್ಲಿ ವಿಚಾರಣೆ ನಡೆಯಿತು. ಆ ನೀಲಿಯನ್ನು ದಂಡೆಯಿಂದ ಯಾರೋ ಸುರಿದದ್ದೆಂದು ರೂಬೆನ್ ವಾದಿಸಿದ. ರಾಜೀವಿ ಎದ್ದು ನಿಂತಳು.

"ಸುರಿದದ್ದು ನಾನೇ ಸರ್. ದಂಡೆಯಿಂದ ಅಲ್ಲ, ನಾಲ್ಕನೇ ಕಾಟೇಜಿನ ಕಕ್ಕೂಸಿಗೆ. ನಾನು ಸುಳ್ಳಾದ್ರೆ ಇವರ ಟ್ಯಾಂಕ್ ತುಂಬಿರಬೇಕು. ಈಗಲೇ ಬಂದು ನೋಡಿ."

ರೂಬೆನ್ ಎರಡು ದಿನ ಸಮಯ ಕೇಳಿದ. ಸೆಕ್ರೆಟರಿ ಕೊಡಲಿಲ್ಲ. ಅಂದು ಮಧ್ಯಾಹ್ನವೇ ಹೆಲ್ತ್ ಇನ್‌ಸ್ಪೆಕ್ಟರ್ ಬಂದು ಮುಚ್ಚಳ ಎತ್ತಿಸಿದರು. ಒಳಗೆ ಮೊಣಕಾಲುದ್ದ ಮಳೆನೀರು, ಒಂದು ಕಪ್ಪೆ. ಎರಡು ವರ್ಷ ನಡೆದ ರೆಸಾರ್ಟಿನ ಟ್ಯಾಂಕಿಗೆ ಒಂದು ಚೆಂಬು ಹೊಲಸೂ ಬಿದ್ದಿರಲಿಲ್ಲ. ಪೈಪು ಕಿತ್ತು, ಸರಿಯಾದ ಟ್ಯಾಂಕಿಗೆ ಜೋಡಿಸಿ ತೋರಿಸುವವರೆಗೆ ಎಂಟೂ ಕಾಟೇಜಿಗೆ ಬೀಗ ಎಂದು ಆದೇಶವಾಯಿತು.

ಅವನು ಅಪೀಲು ಹೋಗಿದ್ದಾನಂತೆ. ಹೋಗಲಿ. ಅಲ್ಲಿಗೂ ನಾವು ಬರುತ್ತೇವೆ. ಬಸ್ಸಿಲ್ಲದಿದ್ದರೆ ಜೀಪಿನಲ್ಲಿ ಬರುತ್ತೇವೆ, ಜೀಪಿಲ್ಲದಿದ್ದರೆ ನಡೆದು. ತಿಂಗಳಿಗೊಮ್ಮೆ ನೀರು ಲ್ಯಾಬಿಗೆ ಹೋಗುತ್ತದೆ, ವರದಿ ಬೋರ್ಡಿಗೆ ಏರುತ್ತದೆ. ರೂಬೆನ್ ಅಲ್ಲ, ನನ್ನ ಸ್ವಂತ ತಮ್ಮನೇ ಆ ಪೈಪು ಹಾಕಿದ್ದರೂ ಇದನ್ನೇ ಮಾಡುತ್ತಿದ್ದೆ. ಕ್ಷಮಾಳನ್ನು ಕರೆಯುವಾಗ ಈಗ ಬಲಗಡೆಯಿಂದ ಕರೆಯಬೇಕು, ಫೆಲ್ಸಿ. ದಿನಾ ಕರೆಯುತ್ತೇನೆ, ದಿನಾ ಸಿಟ್ಟು ಬರುತ್ತದೆ.

ರೂಬೆನ್ ಮೇಲೆ ಹಗೆ ಇಲ್ಲ. ಪೈಪು ಕಿತ್ತ ದಿನ ಅವನು ನಮ್ಮಲ್ಲಿಗೆ ಊಟಕ್ಕೆ ಬರಲಿ, ಅಕ್ಕಿಯ ಪುಂಡಿ ಬೇಯಿಸಿ ಬಡಿಸುತ್ತೇನೆ. ಅವನಿಗೆ ಒಳ್ಳೆಯದಾಗಲಿ, ಒಳ್ಳೆಯ ಬುದ್ಧಿಯೂ ಬರಲಿ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಸೌದಾಮಿನಿ

ಮರೆತ ಮಾತು: ವಿಚಾರಣೆಯ ದಿನದ ಸಂಗತಿಯನ್ನು ನಿನಗೆ ಬರೆದು ತಿಳಿಸಬೇಕಾದ್ದೇ ಇರಲಿಲ್ಲ, ಅಲ್ಲವೇ? ಪಂಚಾಯತಿಯ ಎದುರು ರೂಬೆನ್‌ನ ಕಾರಿನ ಹಿಂದಿನ ಸೀಟಿನಲ್ಲಿ ನೀನು ಕೂತಿದ್ದೆ. ನಾನು ಮೆಟ್ಟಿಲಿಳಿದು ನಿನ್ನ ಕಡೆಗೇ ನಡೆದು ಬಂದೆ. ಮಳೆ ಬಿಟ್ಟಿತ್ತು. ನೀನು ಗಾಜು ಏರಿಸಿದೆ. ಸಮಿತಿಯವರು ಕಾರಿನಲ್ಲಿ ಯಾರದು ಎಂದು ಕೇಳಿದಾಗ, ನಾನು ಗುರುತಿಲ್ಲ ಎಂದೆ. ಐವತ್ತು ವರ್ಷದಲ್ಲಿ ನಿನ್ನ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ನೀನು ಇಳಿದು ಬಂದು, ಎಲ್ಲರೆದುರು ನನ್ನ ಕೆನ್ನೆಗೆ ಒಂದು ಹೊಡೆದಿದ್ದರೂ ಆಗುತ್ತಿತ್ತು.