ಎದೆಮೂಳೆ ಕೂಡುವವರೆಗೆ

ಮಾರ್ಚ್ ೧೧, ಬುಧವಾರ

ಇವತ್ತೂ ಊರವರು ನಗಿಸಲು ಬಂದಿದ್ದರು. ಹೃದಯದ ವಾಲ್ವ್ ಬದಲಾಯಿಸಿಕೊಂಡು ಅರಕಲಗೂಡಿಗೆ ಮರಳಿದ ಹಾಸ್ಯ ಅಂಕಣಕಾರನಾದ ನನ್ನ ಮೇಲೆ ಊರೇ ಜೋಕು ಹೊಡೆದು ಸೇಡು ತೀರಿಸಿಕೊಳ್ಳುತ್ತಿದೆ. ಗರಗಸದಿಂದ ಸೀಳಿ ತಂತಿಯಲ್ಲಿ ಬಿಗಿದ ಎದೆಮೂಳೆಗೆ ಹಾಸ್ಯಪ್ರಜ್ಞೆಯಿಲ್ಲ.

“ವಾಲ್ವ್ ಚೇಂಜಿಗೆ ಮೈಸೂರ್ಗಂಟ ಯಾಕೋದ್ರಿ ಸಾ? ನಮ್ ನೀರ್ ಬಿಡೋ ಲಕ್ಕಯ್ಯ ಒಂದೇ ಸ್ಪ್ಯಾನರ್‌ನಲ್ಲಿ ಮುಗಿಸ್ಬುಡೋನು,” ಎಂದ ಪಕ್ಕದ ಮನೆಯ ಚಲುವರಾಜು. ನಕ್ಕೆ. ಪ್ರಾಣ ಹೋಗಿ ಬಂತು.

ಸಂಜೆಯಿಂದ ಜ್ವರ, ಗಾಯದಲ್ಲಿ ಕೀವು. ಫೋನಿನಲ್ಲಿ ಡಾಕ್ಟರು, “ನಾಳೆಯೇ ಬನ್ನಿ, ಮತ್ತೆ ತೆರೆಯಬೇಕಾಗಬಹುದು,” ಎಂದರು. ಇನ್ನೊಮ್ಮೆ ನನ್ನಿಂದಾಗದು. ಅಳೋಣವೆಂದರೆ, ಬಿಕ್ಕಿದರೂ ಮೂಳೆ ಅಲುಗುತ್ತದೆ.

ಹೆಂಡತಿ ಯಶೋಧರಾ ಎರಡೂ ಅಂಗೈ ನನ್ನೆದೆಯ ಮೇಲಿಟ್ಟಳು. “ನಾ ಗಟ್ಟಿಯಾಗಿ ಹಿಡ್ಕಂಡಿವ್ನಿ. ಅತ್ಬುಡಿ.”

ಅವಳ ಕೈಗಳೇ ನಡುಗುತ್ತಿದ್ದವು. ಆದರೂ ಅತ್ತುಬಿಟ್ಟೆ.