ಗುಲಾಬಿ ಬಣ್ಣಕ್ಕೆ ಹಂಚಿದ ಶೇಂಗಾ ಉಂಡಿ

ಬೊಮ್ಮನಹಳ್ಳಿ, ೧೮-೮-೨೦೧೧

ಮಡಿವಾಳಪ್ಪ ಕಾಕಾನಿಗೆ ಶಾಂಭವಿಯ ಶರಣು.

ನಾನು ಹೊಸದಾಗಿ ಸೇರಿದ ಲ್ಯಾಬಿನಲ್ಲಿ ಕ್ಷಯದ ಕ್ರಿಮಿಗೆ ಹೊಸ ಔಷಧ ಹುಡುಕುತ್ತಾರೆ. ಪಡ್ಡಿನ ಹಂಚಿನಂಥ ಪುಟ್ಟ ತಟ್ಟೆ. ಕುಳಿಕುಳಿಯಲ್ಲೂ ಕ್ರಿಮಿ, ಒಂದೊಂದಕ್ಕೆ ಒಂದೊಂದು ಔಷಧ. ಕೆಲವು ದಿನ ಬಿಟ್ಟು ನೀಲಿ ಬಣ್ಣ ಹಾಕುತ್ತಾರೆ. ನಿನ್ನೆ ನೋಡಿದರೆ ಓಕುಳಿಯಾಡಿದ ಹಾಗೆ ತಟ್ಟೆಯೆಲ್ಲ ಗುಲಾಬಿ! ಬಣ್ಣ ತಿರುಗಿತೆಂದರೆ ಔಷಧ ಸಿಕ್ಕೇಬಿಟ್ಟಿತು ಎಂದುಕೊಂಡು, ಚಿಗವ್ವ ಕಟ್ಟಿಕೊಟ್ಟ ಶೇಂಗಾ ಉಂಡಿಯನ್ನೆಲ್ಲ ಕ್ಯಾಂಟೀನಿನಲ್ಲಿ ಹಂಚಿಬಿಟ್ಟೆ.

ನಮ್ಮ ಹೇಮಲತಾ ಮೇಡಂ ಉಂಡಿ ತಿನ್ನುತ್ತಲೇ, "ಏನಮ್ಮಾ ವಿಶೇಷ?" ಎಂದರು. ಹೇಳಿದೆ. ನಕ್ಕು ನಕ್ಕು ಅವರಿಗೆ ನೆತ್ತಿಗೇರಿತು.

"ಅಯ್ಯೋ, ಗುಲಾಬಿ ಆದ್ರೆ ಕ್ರಿಮಿ ಬದುಕಿದೆ ಅಂತ ಕಣೇ! ನೀಲಿ ಹಾಗೇ ಉಳಿದ್ರೆ ಸತ್ತಿದೆ ಅಂತ. ನೀನು ಕ್ರಿಮಿಗಳ ಬರ್ತ್‌ಡೇಗೆ ಸ್ವೀಟ್ ಹಂಚ್ಬಿಟ್ಟಿದ್ದೀಯ!"

ಹೊಸ ಔಷಧಗಳೆಲ್ಲ ಸೋತಿದ್ದವು. ಅಂಚಿನ ಒಂದು ಸಾಲು ಮಾತ್ರ ನೀಲಿಯಾಗಿಯೇ ಇತ್ತು. ಅದೇನೆಂದು ಕೇಳಿದೆ.

"ಅದು ಹೊಸದಲ್ಲ. ಹೋಲಿಸಿ ನೋಡೋಕೆ ಹಳೇ ಔಷಧ ಹಾಕಿರ್ತೀವಿ. ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರಲ್ಲ, ತಗೊಂಡ್ರೆ ಮೂತ್ರ ಕೆಂಪಾಗುತ್ತಲ್ಲ, ಅದೇ."

ಕಾಕಾ, ಮೂತ್ರ ಕೆಂಪಾಯಿತೆಂದು ಹೆದರಿ ನೀವು ಹಿತ್ತಲ ಬದನೆ ಗಿಡಕ್ಕೆ ಎಸೆಯುತ್ತಿರುವುದು ಅದೇ ಮಾತ್ರೆ. ಚಿಗವ್ವ ಫೋನಿನಲ್ಲಿ ಎಲ್ಲ ಹೇಳಿದ್ದಾಳೆ. ಬದನೆ ಗಿಡಕ್ಕೆ ಕ್ಷಯವಿಲ್ಲ, ನಿಮಗಿದೆ. ನಾನು ಆರೋಗ್ಯವಾಗಿದ್ದೇನೆ, ಮಾಸ್ಕ್, ಗ್ಲೌಸ್ ಇಲ್ಲದೆ ಇಲ್ಲಿ ಒಳಗೇ ಬಿಡುವುದಿಲ್ಲ.

ಅಂಚೆಯ ಸಂಗಣ್ಣ ಓದದೆ ಯಾವ ಕಾರ್ಡನ್ನೂ ಕೊಡುವುದಿಲ್ಲವೆಂದು ಗೊತ್ತಿದ್ದೇ ಲಕೋಟೆ ಬಿಟ್ಟು ಕಾರ್ಡಿನಲ್ಲಿ ಬರೆದೆ. ಸಂಗಣ್ಣಾ, ಕಾಕಾ ನಿನ್ನೆದುರಿಗೆ ಇವತ್ತಿನ ಮಾತ್ರೆ ನುಂಗಲಿ, ಆಮೇಲೆ ಇದನ್ನು ಕೈಗೆ ಕೊಡು.